ಇಳಿತದ ಹೊತ್ತು ಕಿರಿದಾಗುತ್ತಿದೆ: ಜುವಾರಿ ಮುಖದ ನೆರೆ

ಮುರ್ಮುಗಾಂವ್ ಬಂದರು ಜುವಾರಿ ನದಿಯು ಅರಬ್ಬೀ ಸಮುದ್ರವನ್ನು ಸೇರುವಲ್ಲಿ, ದಕ್ಷಿಣದ ಭೂಶಿರದ ಮೇಲಿದೆ. ಕನ್ನಡದ ವಿದ್ಯಾರ್ಥಿಗೆ ಈ ನದೀಮುಖ ಪರಕೀಯವಲ್ಲ. ಎದುರು ದಡದಲ್ಲಿ, ತುಸು ಒಳಕ್ಕೆ, ಗೋವೆಯ ಕದಂಬರ ರಾಜಧಾನಿ ಗೋಪಕಪಟ್ಟಣವಿತ್ತು. ಹನ್ನೊಂದನೆಯ ಶತಮಾನದಲ್ಲಿ, ಒಂದನೆಯ ಜಯಕೇಶಿಯ ಕಾಲಕ್ಕೆ, ಅದು ಹಡಗುಗಳು ನೆರೆಯುವ ಪಟ್ಟಣವಾಗಿ ಬೆಳೆಯಿತು. ಪಲಸಿಗೆ 12000 ಮತ್ತು ಕೊಂಕಣ 900 ಒಂದೇ ಅರಸುಮನೆತನದ ಆಳ್ವಿಕೆಯಲ್ಲಿದ್ದ ದಿನಗಳವು. ದಾಳಿಗಳಿಂದಲೂ ನದಿಯಲ್ಲಿ ಹೂಳು ತುಂಬಿದ್ದರಿಂದಲೂ ಆ ಪಟ್ಟಣ ಅಳಿಯಿತು. ಪೋರ್ಚುಗೀಸರು ಸಂಭಾಜಿಯ 1683ರ ದಾಳಿಯ ಬಳಿಕ ತಮ್ಮ ರಾಜಧಾನಿಯನ್ನು ಮುರ್ಮುಗಾಂವಿಗೆ ಸಾಗಿಸಲು ಯತ್ನಿಸಿ ಕೈಬಿಟ್ಟರು. ಈಗಿನ ಬಂದರಿಗೆ ತಳಹದಿಯಾದದ್ದು 1880ರ ದಶಕದ ಅಲೆತಡೆ ಗೋಡೆ ಮತ್ತು ಕ್ಯಾಸಲ್‌ರಾಕ್‌ವರೆಗಿನ ರೈಲುಮಾರ್ಗ.

ಅಂದು ಹೂಳು ಬಂದರನ್ನು ಕೆಡಿಸಿತು. ಇಂದಿನ ಆತಂಕ ನೀರಿನ ಮಟ್ಟದ್ದು. ಆದರೆ ಸಮುದ್ರ ಏರಿ ಬಂದು ಊರನ್ನು ನುಂಗುತ್ತದೆ ಎಂಬ ಪ್ರಚಲಿತ ಚಿತ್ರ ಅರ್ಧ ಸತ್ಯ ಮಾತ್ರ. ನೆರೆಯ ನಿಜವಾದ ಪ್ರಶ್ನೆ ಒಳಗಿನ ನೀರು ಹೊರಹೋಗುವ ಹೊತ್ತಿನದು. ಅದನ್ನು ತಿಳಿಯಲು ಖಾಜನ್ ಗದ್ದೆಯನ್ನು ನೋಡಬೇಕು.

ಉಪ್ಪುನೀರು ನುಗ್ಗುವ ತಗ್ಗುಭೂಮಿಗೆ ಮಣ್ಣಿನ ಒಡ್ಡು ಕಟ್ಟಿ ಭತ್ತ ಬೆಳೆಯುವ ವ್ಯವಸ್ಥೆಯೇ ಖಾಜನ್. ಕೊಂಕಣದ ಮೌರ್ಯರ ಅನಿರ್ಜಿತವರ್ಮನ ತಾಮ್ರಶಾಸನದಲ್ಲೇ ‘ಖಜ್ಜನ’ ಎಂಬ ಮಾತಿದೆ. ಕುಮಟಾ ಸೀಮೆಯ ಅಘನಾಶಿನಿ ದಡದಲ್ಲಿ ಇಂಥದೇ ಭೂಮಿಗೆ ಗಜನಿ ಎನ್ನುತ್ತಾರೆ. ಎರಡೂ ಒಂದೇ ಕುಲದ ಪದಗಳೆಂದು ತೋರುತ್ತದೆ. ಅಲ್ಲಿ ಉಪ್ಪನ್ನು ತಾಳಿಕೊಳ್ಳುವ ಭತ್ತ ಕಗ್ಗ, ಗೋವೆಯಲ್ಲಿ ಕೊರ್ಗುಟ್. ಒಡ್ಡಿನ ನಡುವೆ ಮರದ ಬಾಗಿಲುಗಳ ತೂಬು ಇರುತ್ತದೆ. ಕೊಂಕಣಿಯಲ್ಲಿ ಅದು ಮಾನಸ್. ಉಬ್ಬರ ಬಂದಾಗ ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಇಳಿತದಲ್ಲಿ ಒಳಗಿನ ನೀರೇ ಅದನ್ನು ತಳ್ಳಿ ಹೊರಗೆ ಹರಿಯುತ್ತದೆ. ಕಾವಲುಗಾರ ಬೇಕಿಲ್ಲ, ಯಂತ್ರ ಬೇಕಿಲ್ಲ. ಇದಕ್ಕಿಂತ ಸರಳವಾದ ಜಾಣ್ಮೆ ಅಪರೂಪ.

ಈ ಬಾಗಿಲು ತೆರೆದಿರುವುದು ದಿನಕ್ಕೆ ಎರಡು ಬಾರಿ, ಕೆಲವು ಗಂಟೆ ಮಾತ್ರ. ಸಮುದ್ರಕ್ಕೆ ಬಾಯ್ದೆರೆದ ನಗರದ ಮೋರಿಗೂ ಇದೇ ನಿಯಮ. 1901ರಿಂದ 2018ರವರೆಗೆ ಜಗತ್ತಿನ ಸರಾಸರಿ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ, ಅಂದರೆ ಒಂದು ಗೇಣಿಗಿಂತ ತುಸು ಕಡಿಮೆ. ಈಚೆಗೆ ಏರಿಕೆಯ ವೇಗವೂ ಹೆಚ್ಚಿದೆ. ಗೇಣುದ್ದ ನೀರಿಗೆ ಊರು ಮುಳುಗದು. ಆದರೆ ಹೊರಗಿನ ಮಟ್ಟ ಅಷ್ಟು ಏರಿದರೆ ಬಾಗಿಲು ತಡವಾಗಿ ತೆರೆಯುತ್ತದೆ, ಬೇಗ ಮುಚ್ಚುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಉಬ್ಬರಕ್ಕೆ ಮರಾಠಿಯಲ್ಲಿ ಉಧಾಣ ಎಂಬ ಸೊಗಸಾದ ಪದವಿದೆ. ಆ ಹೊತ್ತಿಗೇ ಘಟ್ಟದಲ್ಲಿ ಮಳೆ ಸುರಿದರೆ ಮೇಲಿನಿಂದ ಬಂದ ನೀರು ಹೋಗಲು ದಾರಿಯಿಲ್ಲದೆ ಒಳಗೇ ನಿಲ್ಲುತ್ತದೆ.

ಬಿಸಿಯಾದ ಗಾಳಿ ಹೆಚ್ಚು ತೇವವನ್ನು ಹೊರುವುದರಿಂದ ಮಳೆಯೂ ಅಲ್ಪಕಾಲದಲ್ಲಿ ಒಟ್ಟಾಗಿ ಸುರಿಯುತ್ತಿದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಗೋವೆಯ ಕರಾವಳಿಯನ್ನು ಹಾದುಹೋಯಿತು. ಅದೇ ವರ್ಷ ಜುಲೈ 23ರಂದು ದೂಧಸಾಗರದ ಬಳಿ ಗುಡ್ಡ ಕುಸಿದು ಮಂಗಳೂರು–ಮುಂಬಯಿ ರೈಲು ಹಳಿ ತಪ್ಪಿತು. ಕೆಳಗೆ ಗೋವೆಯ ನದಿಗಳು ಉಕ್ಕಿ ಹರಿದವು. ಮುರ್ಮುಗಾಂವಿನ ಕಲ್ಲಿದ್ದಲು ಬಳ್ಳಾರಿ ಸೀಮೆಗೆ ಏರುವ ಹಳಿಯೂ ಇದೇ.

ಹಿಂದೆ ಒಡ್ಡಿನ ಹೊಣೆ ಗಾಂವ್ಕಾರಿಯದಾಗಿತ್ತು; ಪೋರ್ಚುಗೀಸರು ಅದನ್ನು ಕೊಮುನಿದಾದ್ ಎಂದರು. ಬಿರುಕು ಕಂಡೊಡನೆ ಊರವರು ಮಣ್ಣು ಹಾಕಲೇಬೇಕಿತ್ತು. ಒಕ್ಕಲು ಕಾನೂನುಗಳು ಬಂದ ಮೇಲೆ ಹೊಣೆ ಒಕ್ಕಲುಗಳ ಸಂಘಗಳಿಗೆ ಹೋಯಿತು. ಉಳುವವನಿಗೆ ನೆಲ ದಕ್ಕಿದ್ದು ನ್ಯಾಯವೇ. ಆದರೆ ಬೇಸಾಯ ಕುಗ್ಗಿದ ಕಡೆ ಒಡ್ಡನ್ನು ಕಾಯುವವರು ಇಲ್ಲವಾದರು. ಒಡೆದ ಒಡ್ಡಿನೊಳಗೆ ಕಾಂಡ್ಲಾ ಬೆಳೆಯಿತು, ಕೆಲವೆಡೆ ಮಣ್ಣು ತುಂಬಿ ಕಟ್ಟಡಗಳೆದ್ದವು. ಮಳೆಯ ನೀರು ತಂಗುತ್ತಿದ್ದ ಜಾಗವೇ ಹೋಯಿತು.

ಗಾಂವ್ಕಾರಿಯ ಪಾಲು ಗಂಡುಸಂತತಿಗೆ ವಂಶಪಾರಂಪರ್ಯವಾಗಿ ಬರುವಂಥದು. ಹೊರಗಿನಿಂದ ಬಂದವನಿಗೆ ಅದರಲ್ಲಿ ಸ್ಥಾನವಿರಲಿಲ್ಲ. ಬಂದರಿನ ಕೂಲಿಗೆಂದು ಉತ್ತರ ಕರ್ನಾಟಕದಿಂದ ಹೋದವರು ವಾಸ್ಕೋದ ಬಾಯ್ನಾದಲ್ಲಿ, ಅಲೆಯ ಅಂಚಿನಲ್ಲಿ, ಗುಡಿಸಲು ಹಾಕಿಕೊಂಡರು. 2004ರಲ್ಲಿ ಅಲ್ಲಿನ ನೂರಾರು ಗುಡಿಸಲುಗಳನ್ನು ಕೆಡವಿದ್ದು ಸಮುದ್ರವಲ್ಲ, ಸರಕಾರ. ಕನ್ನಡ ಮಾತನಾಡುವ ಮನೆಗಳು ಬಂದರಿನ ಸುತ್ತ ಇಂದಿಗೂ ಇವೆ. ನೀರು ನಿಲ್ಲುವ ತಗ್ಗಿನಲ್ಲಿ ಬಾಡಿಗೆ ಕಡಿಮೆ.