ಬಚ್ಚಲುಮನೆಯ ಬೆಂಕಿ

ನರಕಚತುರ್ದಶಿಯ ಹಿಂದಿನ ಸಂಜೆ ನಮ್ಮ ನಾಡಿನ ಅನೇಕ ಮನೆಗಳಲ್ಲಿ ನೀರು ತುಂಬುವ ಹಬ್ಬ ನಡೆಯುತ್ತದೆ. ಹುಣಿಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಹಂಡೆ ಥಳಥಳಿಸುತ್ತಿರುತ್ತದೆ. ಅದರ ಕೊರಳಿಗೆ ಬಳ್ಳಿ ಸುತ್ತಿ, ಮೈಗೆ ಸುಣ್ಣ ಜಾಜುಗಳ ಪಟ್ಟೆ ಬಳಿದು, ಹೊಸ ನೀರು ತುಂಬಿ ಪೂಜಿಸುತ್ತಾರೆ. ಬೆಂಗಳೂರಿನ ಬಹುಮಹಡಿ ಕಟ್ಟಡಗಳಲ್ಲಿ ಹಂಡೆಯನ್ನು ಕಾಣುವುದು ಅಪರೂಪ. ಅಲ್ಲಿ ಕೆಲವರು ಗೋಡೆಗೆ ತೂಗುಹಾಕಿದ ಗೀಸರಿಗೇ ಹೂವಿನ ಎಳೆಯೊಂದನ್ನು ಸುತ್ತಿ ಸಮಾಧಾನಪಟ್ಟುಕೊಳ್ಳುವುದುಂಟು. ಇದು ನಗತಕ್ಕ ಮಾತಲ್ಲ. ಹಂಡೆ ಮಾಡುತ್ತಿದ್ದ ಕೆಲಸವನ್ನೇ ಗೀಸರು ಮಾಡುತ್ತಿದೆಯಷ್ಟೆ. ಆದರೆ ಒಂದನ್ನು ಕಿತ್ತು ಇನ್ನೊಂದನ್ನು ಆ ಸ್ಥಳದಲ್ಲಿ ನಿಲ್ಲಿಸುವಾಗ, ಬದಲಾಗುವುದು ಬರಿಯ ಪಾತ್ರೆಯೆಂದು ನಾವು ತಿಳಿಯುತ್ತೇವೆ. ಈ ತಿಳಿವಳಿಕೆಯಲ್ಲಿ ಒಂದು ಅಪಾಯ ಅಡಗಿದೆ.

1898ರ ಪ್ಲೇಗಿನ ತರುವಾಯ ವಿಸ್ತಾರಗೊಂಡ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಇಂದಿಗೂ ಕೆಲವು ಹಳೆಯ ಮನೆಗಳು ಉಳಿದುಕೊಂಡಿವೆ. ಅಂಥ ಮನೆಗಳಲ್ಲಿ ಬಚ್ಚಲು ಸಾಮಾನ್ಯವಾಗಿ ಹಿತ್ತಲ ಕಡೆಗೆ ಇರುತ್ತಿತ್ತು. ಇಟ್ಟಿಗೆಯ ಕಟ್ಟೆಯಲ್ಲಿ ಹಂಡೆಯನ್ನು ಹುದುಗಿಸಿ, ಅದರ ಕೆಳಗೆ ಒಲೆ ಮಾಡುತ್ತಿದ್ದರು. ಕೆಲವು ಮನೆಗಳಲ್ಲಿ ಒಲೆಯ ಬಾಯಿ ಬಚ್ಚಲಿನ ಒಳಕ್ಕೇ ಇರುತ್ತಿತ್ತು. ಇನ್ನು ಕೆಲವದರಲ್ಲಿ, ಮಲೆನಾಡಿನ ಮನೆಗಳಲ್ಲಿರುವಂತೆ, ಅದು ಗೋಡೆಯ ಆಚೆಗೆ ತೆರೆದುಕೊಳ್ಳುತ್ತಿತ್ತು. ಒಳಗೆ ಉರಿಸಿದ ಕಡೆ ಹೊಗೆ ಕಣ್ಣಿಗೆ ಹತ್ತುತ್ತಿತ್ತು, ಗೋಡೆ ಕಪ್ಪಾಗುತ್ತಿತ್ತು. ಆದುದರಿಂದ ಕಟ್ಟುವವರು ಸೂರಿನ ಬಳಿ ಹೊಗೆಗಂಡಿಯನ್ನು ಬಿಡುವುದನ್ನು ಮರೆಯುತ್ತಿರಲಿಲ್ಲ. ಮಂಗಳೂರು ಹೆಂಚಿನ ಸಂದುಗಳಲ್ಲಿಯೂ ಗಾಳಿ ಆಡುತ್ತಿತ್ತು. ಹಲಗೆಯ ಬಾಗಿಲು ಭದ್ರವಾಗಿ ಕೂರುತ್ತಿರಲಿಲ್ಲ. ಚಳಿಗಾಲದಲ್ಲಿ ಇದನ್ನು ಬೈಯದವರಿಲ್ಲ. ಆದರೆ ಬೈಸಿಕೊಂಡ ಆ ಗಾಳಿಯೇ ಸ್ನಾನ ಮಾಡುವವರನ್ನು ಕಾಪಾಡುತ್ತಿತ್ತು.

ಹಂಡೆಯ ಅನಂತರ ಪಟ್ಟಣದ ಮನೆಗಳಿಗೆ ತಾಮ್ರದ ಬಾಯ್ಲರು ಬಂದಿತು. ನಿಮ್ಮಲ್ಲಿ ಕೆಲವರು ಅದನ್ನು ಅಜ್ಜಿಯ ಮನೆಯಲ್ಲಿ ನೋಡಿರಬಹುದು. ಆಳೆತ್ತರಕ್ಕೆ ಸ್ವಲ್ಪ ಕಡಿಮೆಯಾದ ಉರುಟಾದ ಪಾತ್ರೆ. ಅದರ ನಡುವೆ ಕೆಳಗಿನಿಂದ ಮೇಲಕ್ಕೆ ಹಾದುಹೋಗುವ ಕೊಳವೆ. ಕೊಳವೆಯ ಬುಡದಲ್ಲಿ ಸೌದೆಯ ಚೂರು, ತೆಂಗಿನ ಕರಟ, ಹಳೆಯ ಕಾಗದ ಹಾಕಿ ಉರಿಸಿದರೆ ಸುತ್ತಲಿನ ನೀರು ಕಾಯುತ್ತದೆ. ಹಂಡೆಯ ಒಲೆಯಲ್ಲಿ ಬದಿಗೆ ಹರಿದು ವ್ಯರ್ಥವಾಗುತ್ತಿದ್ದ ಶಾಖ ಇಲ್ಲಿ ನೀರಿನ ನಡುವೆಯೇ ಸೆರೆಯಾಗುವುದರಿಂದ ಸೌದೆಯ ಉಳಿತಾಯವಾಗುತ್ತಿತ್ತು. ಕೆಲವು ಬಾಯ್ಲರುಗಳಲ್ಲಿ ಇನ್ನೂ ಒಂದು ಜಾಣತನವಿತ್ತು. ಆಲಿಕೆಯಲ್ಲಿ ಒಂದು ಚೊಂಬು ತಣ್ಣೀರು ಸುರಿದರೆ, ಇನ್ನೊಂದು ಮೂತಿಯಿಂದ ಒಂದು ಚೊಂಬು ಬಿಸಿನೀರು ಹೊರಬರುತ್ತಿತ್ತು. ಚಿಕ್ಕ ಮಕ್ಕಳಿಗೆ ಇದು ಇಂದ್ರಜಾಲ. ಕಾದ ನೀರು ಹಿಗ್ಗಿ ಹಗುರವಾಗಿ ಮೇಲೆ ನಿಲ್ಲುತ್ತದೆ. ತಣ್ಣೀರು ತಳವನ್ನು ಸೇರಿ ಅದನ್ನು ಹೊರಕ್ಕೆ ನೂಕುತ್ತದೆ. ಇಂದಿನ ಗೀಸರಿನೊಳಗೂ ತಣ್ಣೀರು ತಳದಲ್ಲಿ ಪ್ರವೇಶಿಸಿ, ಬಿಸಿನೀರು ನೆತ್ತಿಯಿಂದ ಹೊರಡುತ್ತದೆ. ಪಾತ್ರೆ ಬದಲಾದರೂ ಪ್ರಕೃತಿಯ ನಿಯಮ ಬದಲಾಗಲಿಲ್ಲ.

ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ. ಆದರೆ ದೀಪಕ್ಕೆ ಸಾಕಾಗುವ ವಿದ್ಯುತ್ತಿಗೂ ನೀರು ಕಾಯಿಸಲು ಬೇಕಾಗುವ ವಿದ್ಯುತ್ತಿಗೂ ಅಜಗಜಾಂತರ. 25 ಲೀಟರು ನೀರನ್ನು 22 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ಸಿಗೆ ಏರಿಸಲು ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ವಿದ್ಯುತ್ತು ಬೇಕು. 2 ಕಿಲೋವಾಟ್ ಸಾಮರ್ಥ್ಯದ ಗೀಸರು ಇದನ್ನು ಅರ್ಧ ಗಂಟೆಯ ಆಸುಪಾಸಿನಲ್ಲಿ ಮಾಡಿ ಮುಗಿಸುತ್ತದೆ. ಆಗ ತಂತಿಯಲ್ಲಿ ಹರಿಯುವ ವಿದ್ಯುತ್ಪ್ರವಾಹ ಸುಮಾರು 9 ಆಂಪೇರು. ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಹಾಯಿಸಿದ ತೆಳುವಾದ ತಂತಿ 5 ಆಂಪೇರಿನ ದೀಪ, ಫ್ಯಾನುಗಳಿಗಾಗಿ ಹಾಕಿದ್ದು. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿ. ಆದುದರಿಂದ ಹಳೆಯ ಮನೆಗೆ ಗೀಸರನ್ನು ತರುವವರು ಮೊದಲು ದಪ್ಪ ತಂತಿಯನ್ನೂ, ದೊಡ್ಡ ಪ್ಲಗ್ಗಿನ ಮನೆಯನ್ನೂ, ಸರಿಯಾದ ಭೂಸಂಪರ್ಕವನ್ನೂ ಮಾಡಿಸಬೇಕು. ಒದ್ದೆ ಮೈಯ ಮನುಷ್ಯನ ಬಳಿ ವಿದ್ಯುತ್ತನ್ನು ತರುತ್ತಿದ್ದೇವೆಂಬುದನ್ನು ಮರೆಯಲಾಗದು.

ಇನ್ನೊಂದು ಭೇದವೂ ಉಂಟು. ಹಂಡೆ ತೆರೆದ ಪಾತ್ರೆ, ಗೀಸರು ಮುಚ್ಚಿದ ಪಾತ್ರೆ. ಅದರೊಳಗಿನ 25 ಲೀಟರು ನೀರು 60 ಡಿಗ್ರಿಗೆ ಕಾಯುವಷ್ಟರಲ್ಲಿ ಸುಮಾರು ಮೂರನೆಯ ಒಂದು ಲೀಟರಿನಷ್ಟು ಹಿಗ್ಗುತ್ತದೆ. ಈ ಹೆಚ್ಚಳಕ್ಕೂ, ಉಷ್ಣತೆ ಮಿತಿಮೀರಿದಾಗಿನ ಒತ್ತಡಕ್ಕೂ ದಾರಿಯಾಗಿ ಒಂದು ಪುಟ್ಟ ರಕ್ಷಣಾ ಕವಾಟವಿರುತ್ತದೆ. ಅದು ಆಗಾಗ ತೊಟ್ಟಿಕ್ಕುತ್ತದೆಯೆಂದು ಬೆಣೆ ಬಡಿದು ಮುಚ್ಚುವ ಮಹನೀಯರಿದ್ದಾರೆ. ಅವರು ತಮ್ಮ ಬಚ್ಚಲಿನಲ್ಲಿ ಒಂದು ಸಿಡಿಗುಂಡನ್ನು ತೂಗುಹಾಕಿಕೊಂಡಂತಾಯಿತು.

ಸೂರ್ಯನ ಶಾಖದಿಂದ ನೀರು ಕಾಯಿಸುವ ಸಾಧನಗಳು ಬೆಂಗಳೂರಿನ ತಾರಸಿಗಳ ಮೇಲೆ ಈಗ ಹೇರಳವಾಗಿವೆ. 2007ರಲ್ಲಿ ಕರ್ನಾಟಕ ಸರ್ಕಾರವು ಕೆಲವು ಬಗೆಯ ಹೊಸ ಕಟ್ಟಡಗಳಿಗೆ ಇವನ್ನು ಕಡ್ಡಾಯಗೊಳಿಸಿತು. ಹಳೆಯ ಮನೆಗೆ ಇಲ್ಲಿ ಭಾರದ ತೊಡಕು. 200 ಲೀಟರಿನ ತೊಟ್ಟಿಯಲ್ಲಿ ನೀರೇ 200 ಕಿಲೋಗ್ರಾಮು ತೂಗುತ್ತದೆ. ಅದಕ್ಕಿಂತ ಎತ್ತರದಲ್ಲಿ ತಣ್ಣೀರಿನ ತೊಟ್ಟಿಯೂ ಇರಬೇಕು. ಹೆಂಚಿನ ಮಾಡಾಗಲಿ, ಮರದ ತೊಲೆಗಳ ಮೇಲೆ ನಿಂತ ಮದರಾಸು ತಾರಸಿಯಾಗಲಿ ಇದನ್ನು ತಾಳುವುದೆಂದು ನಂಬಿ ಕೂರುವಂತಿಲ್ಲ. ಬಹುಮಹಡಿ ಕಟ್ಟಡಕ್ಕೆ ದೂರದ ತೊಡಕು. ತಾರಸಿಯಿಂದ ಕೆಳಗಿನ ಮನೆಗೆ 30 ಮೀಟರು ಕೊಳಾಯಿ ಇದ್ದರೆ, ಅದರೊಳಗೆ ತಣ್ಣಗಾಗಿ ನಿಂತ 9 ಲೀಟರಿನಷ್ಟು ನೀರನ್ನು ಚೆಲ್ಲಿದ ಮೇಲೆಯೇ ಬಿಸಿನೀರಿನ ದರ್ಶನ.

ಈ ತೊಡಕುಗಳನ್ನೆಲ್ಲ ಕಂಡು ಬೇಸತ್ತವರ ಕೈಗೆ ಸುಲಭವಾಗಿ ಸಿಕ್ಕಿದ್ದು ಅಡುಗೆ ಅನಿಲದ ಗೀಸರು. ದಪ್ಪ ತಂತಿ ಬೇಡ, ತಾರಸಿ ಬೇಡ. ಒಂದು ಸಿಲಿಂಡರು, ಗೋಡೆಯ ಮೇಲೊಂದು ಪೆಟ್ಟಿಗೆ. ನಲ್ಲಿ ತಿರುಗಿಸಿದೊಡನೆ ಬಿಸಿನೀರು. ಆದರೆ ಹಂಡೆಯನ್ನು ಕಿತ್ತ ಮನೆಯಲ್ಲಿ ಅಷ್ಟರೊಳಗೆ ಏನೇನು ಆಗಿರುತ್ತದೆಂಬುದನ್ನು ನೋಡೋಣ. ಒಲೆಯಿಲ್ಲದ ಮೇಲೆ ಹೊಗೆಗಂಡಿ ಏತಕ್ಕೆ? ಅದನ್ನು ಮುಚ್ಚಿಸಿರುತ್ತಾರೆ. ಹೆಂಚಿನ ಬದಲಿಗೆ ಕಾಂಕ್ರೀಟು ಬಂದಿರುತ್ತದೆ. ಬಾಗಿಲು ಬಿಗಿಯಾಗಿ ಕೂರುತ್ತದೆ, ಕಿಟಕಿಗೆ ಗಾಜು ಬಂದಿರುತ್ತದೆ. ಹೊಸ ಕಟ್ಟಡಗಳ ಬಚ್ಚಲಂತೂ ಮೊದಲಿನಿಂದಲೇ ಹೀಗೆ. ಬೆಂಕಿ ಮನೆಬಿಟ್ಟು ಹೋಯಿತೆಂದು ಅದರ ದಾರಿಯನ್ನೂ ಮುಚ್ಚಿದೆವು. ಬಳಿಕ ಬೆಂಕಿ ಬೇರೊಂದು ವೇಷದಲ್ಲಿ ಹಿಂದಿರುಗಿತು, ದಾರಿ ಮಾತ್ರ ಹಿಂದಿರುಗಲಿಲ್ಲ.

ಒಂದು ಲೀಟರು ಅಡುಗೆ ಅನಿಲ ಪೂರ್ಣವಾಗಿ ಉರಿಯಲು 25ರಿಂದ 30 ಲೀಟರು ಗಾಳಿ ಬೇಕು. ನಿಮಿಷಕ್ಕೆ 6 ಲೀಟರು ಬಿಸಿನೀರು ಕೊಡುವ ಗೀಸರು ಅದೇ ಒಂದು ನಿಮಿಷದಲ್ಲಿ 200 ಲೀಟರಿನಷ್ಟು ಗಾಳಿಯನ್ನು ಬಳಸಿಬಿಡುತ್ತದೆ. 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಿನಲ್ಲಿರುವ ಗಾಳಿ ಸುಮಾರು 8000 ಲೀಟರು. ಕಿಟಕಿ ಮುಚ್ಚಿ ಹತ್ತು ನಿಮಿಷ ಸ್ನಾನ ಮಾಡಿದರೆ ಕಾಲುಭಾಗ ಗಾಳಿ ಜ್ವಾಲೆಯ ಪಾಲು. ಆಮ್ಲಜನಕ ಕಡಿಮೆಯಾದಂತೆ ಅನಿಲ ಅರೆಬರೆಯಾಗಿ ಉರಿದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರುವ ಅಡುಗೆ ಅನಿಲವನ್ನು ಮೂಗು ಗುರುತಿಸುವುದು ಅದಕ್ಕೆ ಬೇಕೆಂದೇ ಬೆರೆಸಿದ ದುರ್ವಾಸನೆಯಿಂದ. ಉರಿದ ಮೇಲೆ ಹುಟ್ಟುವ ಈ ವಾಯುವಿಗೆ ಅಂಥ ಎಚ್ಚರಿಕೆಯ ಗಂಟೆಯಿಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಮಡಿಗೂ ಹೆಚ್ಚಿನ ಬಲದಿಂದ ಇದಕ್ಕೆ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಬಳಿಕ ಕೈಕಾಲುಗಳ ನಿಶ್ಶಕ್ತಿ. ಅಪಾಯದ ಅರಿವಾಗುವ ಹೊತ್ತಿಗೆ ಬಾಗಿಲ ಅಗುಳಿ ತೆಗೆಯುವ ಶಕ್ತಿಯೇ ಉಳಿದಿರದು.

ಬೆಂಗಳೂರಿನಲ್ಲಿ ಸ್ನಾನಕ್ಕೆ ಹೋದವರು ಹೀಗೆ ಪ್ರಾಣ ಕಳೆದುಕೊಂಡ ಸುದ್ದಿಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಚಳಿಗಾಲದಲ್ಲಿ ಈ ಅಪಾಯ ಹೆಚ್ಚು. ಆಗ ಕಿಟಕಿಗಳು ಮುಚ್ಚಿರುತ್ತವೆ. ನೀರು ಹೆಚ್ಚು ತಣ್ಣಗಿರುವುದರಿಂದ ಗೀಸರು ಹೆಚ್ಚು ಹೊತ್ತು ಉರಿಯುತ್ತದೆ. ಶಾಲೆ ಕಚೇರಿಗಳ ಅವಸರದಲ್ಲಿ ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋಗುತ್ತಾರೆ. ಮೊದಲನೆಯವರ ಸ್ನಾನದಲ್ಲಿ ಕೂಡಿದ ವಿಷ ಮೂರನೆಯವರ ಪಾಲಿಗೆ ಕಾದಿರುತ್ತದೆ.

ಇದು ಹೊಸ ಅಪಾಯವೂ ಅಲ್ಲ. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾಗನ್ ಎಂಬವನು ಅನಿಲದ ಜ್ವಾಲೆಯಿಂದ ನೀರು ಕಾಯಿಸುವ ಯಂತ್ರವೊಂದಕ್ಕೆ ಏಕಸ್ವಾಮ್ಯದ ಹಕ್ಕು ಪಡೆದು, ಐಸ್‌ಲೆಂಡಿನ ಬಿಸಿನೀರಿನ ಬುಗ್ಗೆಯ ಹೆಸರನ್ನು ಅದಕ್ಕಿಟ್ಟನು. ನಾವು ಇಂದು ಹೇಳುವ ಗೀಸರು ಎಂಬ ಮಾತಿನ ಮೂಲ ಅದು. ಅವನ ಯಂತ್ರಕ್ಕೆ ಉರಿದ ಅನಿಲವನ್ನು ಹೊರಗೆ ಒಯ್ಯುವ ಕೊಳವೆಯಿರಲಿಲ್ಲ. ಆ ಕೊರತೆಯನ್ನು ಮುಂದೆ ಬಂದವರು ನೀಗಿಸಿದರು. ಆದರೆ ಹೊಗೆಕೊಳವೆಯಿಲ್ಲದ ಪೆಟ್ಟಿಗೆಯನ್ನು ಮುಚ್ಚಿದ ಬಚ್ಚಲಿನಲ್ಲಿ ತೂಗುಹಾಕುವ ಪ್ರತಿಯೊಬ್ಬನೂ ಗಡಿಯಾರವನ್ನು 1868ಕ್ಕೆ ಹಿಂದಿರುಗಿಸುತ್ತಾನೆ.

ಇದಕ್ಕೆ ಪರಿಹಾರ ಕಷ್ಟವಾದುದಲ್ಲ. ಜ್ವಾಲೆ ನೀಲಿಯಾಗಿರಬೇಕು, ಹಳದಿಗೆ ತಿರುಗಿ ಮಸಿ ಕಟ್ಟುತ್ತಿದ್ದರೆ ಗೀಸರನ್ನು ಆರಿಸಿ ತಿಳಿದವರನ್ನು ಕರೆಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಗೀಸರೂ ಸಿಲಿಂಡರೂ ಬಚ್ಚಲಿನ ಒಳಗೆ ಇರಕೂಡದು. ಬಹುಮಹಡಿ ಕಟ್ಟಡದಲ್ಲಿ ಗಾಳಿಯಾಡುವ ತೆರೆದ ಮೊಗಸಾಲೆ ಇದ್ದರೆ ಅಲ್ಲಿ, ಬಿಸಿಗಾಳಿ ಮನೆಯೊಳಕ್ಕೆ ಮರಳದಂತೆ, ಕಿಟಕಿಗಳಿಂದ ದೂರವಾಗಿ ಅದನ್ನು ನಿಲ್ಲಿಸಬಹುದು. ಅಂಥ ಜಾಗವಿಲ್ಲದಿದ್ದರೆ ವಿದ್ಯುತ್ತಿನ ಗೀಸರೇ ಲೇಸು. ಹಳೆಯ ಮನೆಗೆ ಇಲ್ಲಿ ಒಂದು ಅನುಕೂಲವುಂಟು. ಹಿತ್ತಲ ಗೋಡೆಯ ಹೊರಮೈಯಲ್ಲಿ, ಹಿಂದೆ ಸೌದೆ ಒಡ್ಡುತ್ತಿದ್ದ ಒಲೆಯ ಬಾಯಿಯಿದ್ದ ಕಡೆ, ಒಂದು ಪುಟ್ಟ ಮಾಡನ್ನು ಇಳಿಬಿಟ್ಟು ಅದರ ಕೆಳಗೆ ಗೀಸರನ್ನು ತೂಗುಹಾಕಬಹುದು. ಆಗ ಗೋಡೆಯನ್ನು ದಾಟಿ ಒಳಕ್ಕೆ ಬರುವುದು ಬಿಸಿನೀರಿನ ಕೊಳಾಯಿ ಮಾತ್ರ.