ನಿಮಗಿದು ಗೊತ್ತೇ? ಮನೆಮಂದಿಯೆಲ್ಲ ಯಂತ್ರಗಾರರು!

19ನೇ ಶತಮಾನದ ಯಂತ್ರಗಾರ ಅಂದರೆ ನಿಮಗೆ ಯಾರು ನೆನಪಾಗುತ್ತಾರೆ? ಎಣ್ಣೆ ಮೆತ್ತಿದ ಅಂಗಿ ತೊಟ್ಟು, ಕೈಯಲ್ಲಿ ಸ್ಪ್ಯಾನರ್ ಹಿಡಿದವನು ತಾನೇ? ಈಗಿನ ತೆಲಂಗಾಣದ ಸೀರೆ ಊರುಗಳಾದ ನಾರಾಯಣಪೇಟೆಯಲ್ಲಿ, ಗದ್ವಾಲಿನಲ್ಲಿ ಅವನು ಮನೆಯೊಳಗಿನ ಗುಂಡಿಗೆ ಕಾಲು ಇಳಿಬಿಟ್ಟು ಕೂತಿರುತ್ತಿದ್ದ. ಅವನ ಯಂತ್ರವೇ ಕುಣಿಮಗ್ಗ!

ಗುಂಡಿ ಯಾಕೆ ಅಂತೀರಾ? ತುಳಿಯುವ ಹಲಗೆಗಳು ಇರುವುದೇ ಅದರೊಳಗೆ. ಜೊತೆಗೊಂದು ಲಾಭವೂ ಉಂಟು. ನೆಲದ ತಂಪಿಗೆ ಎಳೆ ಬೇಗ ಹರಿಯುವುದಿಲ್ಲ. ಬಿಸಿಲನಾಡಿನಲ್ಲಿ ಇದೇನು ಸಣ್ಣ ಮಾತೇ?

ಮಗ್ಗದ ಮುಂದೆ ಕೂತವನು ಒಬ್ಬ. ಹೆಸರೂ ಅವನದೇ. ಆದರೆ ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತುವವಳು ಹೆಂಡತಿ, ಇಲ್ಲವೇ ತಾಯಿ. ಹಾಸಿಗೆ, ಅಂದರೆ ಸೀರೆಯ ಉದ್ದನೆಯ ಎಳೆಗಳಿಗೆ, ಗಂಜಿ ಹಚ್ಚಲು ಮನೆಯವರೆಲ್ಲ ಬೇಕು. ಮಕ್ಕಳಿಗೂ ಬಿಡುವಿಲ್ಲ. ಒಂದು ಸೀರೆಗೆ ಇಡೀ ಮನೆ ದುಡಿಯುತ್ತದೆ. ಕೂಲಿ ಲೆಕ್ಕ ಮಾತ್ರ ಒಬ್ಬನ ಹೆಸರಿಗೆ!

ಹಾಸು ಮುಗಿಯಿತು, ಹೊಸದು ಏರಿಸಬೇಕು. ಹೇಗೆ ಗೊತ್ತೇ? ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಎಳೆಯನ್ನು ಹೊಸೆದು ಕೂಡಿಸಬೇಕು. ಬೆರಳು ಜಾರದಂತೆ ಚಿಟಿಕೆ ಬೂದಿ. ಒಂದು, ಎರಡು, ನೂರಲ್ಲ, ಸಾವಿರಾರು ಎಳೆ! ಕಣ್ಣು ನೋಯುವುದಿಲ್ಲವೇ ಅಂತ ನೀವೇ ಕೇಳಿ ನೋಡಿ, ನಕ್ಕುಬಿಡುತ್ತಾರೆ.

ಹಾಗಾಗಿಯೇ ಇರಬೇಕು, ನಾರಾಯಣಪೇಟೆಯಲ್ಲಿ ಒಮ್ಮೆ ಹಾಸು ಏರಿಸಿದರೆ 8 ಸೀರೆ ಇಳಿಯುವುದು ವಾಡಿಕೆ. ಹಾಸಿನ ಉದ್ದ 56 ಗಜ!

19ನೇ ಶತಮಾನದ ನೇಕಾರ ಅಡ್ಡ ನೂಲು ಒಯ್ಯುವ ಲಾಳಿಯನ್ನು ಒಂದು ಕೈಯಿಂದ ಎಸೆದು ಇನ್ನೊಂದು ಕೈಯಿಂದ ಹಿಡಿಯುತ್ತಿದ್ದ. ಹಗ್ಗ ಎಳೆದರೆ ತಾನೇ ಓಡುವ ಲಾಳಿಗೆ ಇಂಗ್ಲೆಂಡಿನ ಜಾನ್ ಕೇ ಪೇಟೆಂಟ್ ಪಡೆದದ್ದು 1733ರಲ್ಲಿ. ನಮ್ಮ ಮಗ್ಗಗಳಲ್ಲಿ ಅದು ಬಳಕೆಗೆ ಬಂದದ್ದು ಬಹುಮಟ್ಟಿಗೆ 20ನೇ ಶತಮಾನದಲ್ಲಿ. ಅಬ್ಬಾ, ಏನು ಸಾವಕಾಶ!

ಗದ್ವಾಲ ಸೀರೆಯ ಅಂಚಿನ ಬಳ್ಳಿ, ನವಿಲು ಮೂಡಲು ಮಗ್ಗದ ಮೇಲೆ ಜಕಾರ್ಡ್ ಎಂಬ ಸಾಧನ ಬೇಕು. ಆ ಜಕಾರ್ಡ್ ಒಬ್ಬ ಮನುಷ್ಯನ ಹೆಸರು! ಫ್ರಾನ್ಸಿನ ಲಿಯಾನ್ ಊರಿನ ಜೋಸೆಫ್ ಮಾರಿ ಜಕಾರ್ಡ್. ಅಪ್ಪ ನೇಕಾರ, ಅಮ್ಮನೂ ನೇಯ್ಗೆಯ ಕೆಲಸದವಳೇ. ಹುಡುಗನಿಗೆ 13 ವರ್ಷದವರೆಗೆ ಓದಲು ಬರುತ್ತಿರಲಿಲ್ಲ. ಮುಂದೆ ಅವನು ಮಾಡಿದ್ದು ಏನು? ರಟ್ಟಿನ ತೂತುಗಳನ್ನು ‘ಓದುವ’ ಮಗ್ಗ!

ತೂತು ಇದ್ದಲ್ಲಿ ಸೂಜಿ ಒಳಹೊಗುತ್ತದೆ, ಎಳೆ ಮೇಲೇಳುತ್ತದೆ. ತೂತು ಇಲ್ಲದಿದ್ದರೆ ಇಲ್ಲ. ಇಷ್ಟೇ ಗುಟ್ಟು! 1804ರ ಈ ಯಂತ್ರ ನೋಡಿ ಲಿಯಾನಿನ ನೇಕಾರರು ನಮ್ಮ ಅನ್ನಕ್ಕೆ ಕಲ್ಲು ಬಿತ್ತು ಅಂತ ಕೆರಳಿದರು. ಆದರೂ 1812ರ ಹೊತ್ತಿಗೆ ಫ್ರಾನ್ಸಿನಲ್ಲಿ ಅಂಥ ಮಗ್ಗ ಸುಮಾರು 11,000. 1840ರಲ್ಲಿ ಅದೇ ಊರಿನಲ್ಲಿ ಅವನ ಪ್ರತಿಮೆ ನಿಂತಿತು!

ಅವನ ಮುಖವನ್ನೇ ರೇಷ್ಮೆಯಲ್ಲಿ ನೇಯ್ದರು. ಬೇಕಾದ ರಟ್ಟು 24,000! ಅದರ ಒಂದು ಪ್ರತಿ ಇಟ್ಟುಕೊಂಡಿದ್ದವನು ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್. ತನ್ನ ಲೆಕ್ಕದ ಯಂತ್ರಕ್ಕೂ ತೂತಿನ ರಟ್ಟೇ ಇರಲಿ ಅಂತ ಅವನು ಹೊರಟ. ಕಂಪ್ಯೂಟರಿನ ತವರು ಮಗ್ಗದ ಮನೆ ಅಂದರೆ ತಪ್ಪೇನು?

ಈಗ ಸ್ವಲ್ಪ ಊರಿನ ಸುದ್ದಿ. ಗದ್ವಾಲ 1956ರವರೆಗೆ ನಮ್ಮ ರಾಯಚೂರು ಜಿಲ್ಲೆಯ ತಾಲ್ಲೂಕು!

ಇನ್ನು ನಾರಾಯಣಪೇಟೆ ತೆಲಂಗಾಣದಲ್ಲಿದೆ, ಸರಿ. ‘ನಾರಾಯಣಪೇಟ್ ರೋಡ್’ ರೈಲು ನಿಲ್ದಾಣ ಎಲ್ಲಿತ್ತು? ಕರ್ನಾಟಕದ ಯಾದಗಿರಿ ಜಿಲ್ಲೆಯ ಸೈದಾಪುರದಲ್ಲಿ! ಆ ದಾರಿಯಲ್ಲಿ ಮುಂಬೈ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಪಕ್ಕದ ಮಕ್ತಲ್ ಮಾತ್ರ ರೈಲಿಗೆ ಕಾದೇ ಕಾದಿತು. ಮಕ್ತಲ್ ಮೂಲಕ ಹೋಗುವ ಜಕ್ಲೇರ್–ಕೃಷ್ಣಾ ಮಾರ್ಗದ ಉದ್ಘಾಟನೆ ಆದದ್ದು 2023ರಲ್ಲಿ. ಲೆಕ್ಕ ಹಾಕಿ, 152 ವರ್ಷ!

ಮತ್ತೆ ಮಗ್ಗಕ್ಕೆ ಬನ್ನಿ. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಅಂಚನ್ನು ಹೊಲಿದಿದ್ದಾರೆ ಅಂದುಕೊಂಡಿರಾ? ಸೂಜಿಯನ್ನೇ ಮುಟ್ಟಿಲ್ಲ! ಒಡಲಿಗೊಂದು ಲಾಳಿ, ಆ ಅಂಚಿಗೊಂದು, ಈ ಅಂಚಿಗೊಂದು. ಎರಡು ನೂಲು ಸಂಧಿಸುವ ಕಡೆ ಒಂದಕ್ಕೊಂದು ಕೊಂಡಿ ಹಾಕಿ ಮುಂದೆ ಹೋಗಬೇಕು. ಅದೂ ಅಡ್ಡ ನೂಲಿನ ಪ್ರತಿ ಹೊಕ್ಕಿಗೂ! ಅಂಚು ಅಗಲವಾದರೆ ಒಂದೇ ಮಗ್ಗದಲ್ಲಿ ಇಬ್ಬರು ಕೂರಬೇಕು. ಜೊತೆಗಾರ ಎದ್ದು ಚಹಾ ಕುಡಿಯಲು ಹೋದರೆ ಕೆಲಸ ಬಂದ್!

ಇಷ್ಟೆಲ್ಲ ಆಗಿ ಬಂದ ಸೀರೆಯನ್ನು ಮಡಚಿದರೆ ಬೆಂಕಿಪೊಟ್ಟಣದಲ್ಲಿ ಹಿಡಿಯುತ್ತದೆ ಅನ್ನುವುದು ಗದ್ವಾಲ ನೇಕಾರರ ಹಳೆಯ ಹೆಮ್ಮೆಯ ಮಾತು. ಪರೀಕ್ಷಿಸುವ ಆಸೆಯೇ? ಅಮ್ಮನ ಪೆಟ್ಟಿಗೆಗೆ ಕೈ ಹಾಕಬೇಡಿ, ಸ್ವಂತ ಸೀರೆ ಕೊಂಡು ನೋಡಿ!