ಬಾರದೆ ಉಳಿದ ಅಂಕಪಟ್ಟಿ

ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ಕೆಳಗೆ ಭೀಮೆಯು ಜೇವರ್ಗಿಯ ಕರಿಯ ಹೊಲಗಳ ಕಡೆಗೆ ಹರಿಯುತ್ತದೆ. ಈ ಮೂರು ತಾಲ್ಲೂಕುಗಳನ್ನು ನಮ್ಮ ನಗರವಾಸಿಗಳಲ್ಲಿ ಕಂಡವರು ವಿರಳ. ಆದರೆ ಇವುಗಳ ಋಣವನ್ನು ಉಣ್ಣದವರು ಇನ್ನೂ ವಿರಳ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಲಬುರಗಿಯ ತೊಗರಿ ಬೆಳೆಯುವುದು ಇಂಥ ನೆಲದಲ್ಲಿಯೇ. ನಮ್ಮ ಅಡುಗೆಮನೆಯ ಸಾರಿಗೆ ಬೇಳೆ ಒದಗಿಸುವ ಮನೆಗಳ ಮಕ್ಕಳು ಓದು ಬರಹದಲ್ಲಿ ಎಲ್ಲಿದ್ದಾರೆ ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡುತ್ತಿತ್ತು.

2024ರ ಜೂನ್ ತಿಂಗಳಲ್ಲಿ ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ನನ್ನೊಡನೆ ಎಂ.ಎ. ಓದಿದ ಗೆಳೆಯರೊಬ್ಬರು ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಉಪಾಧ್ಯಾಯರು. ನಾವು ಜಗುಲಿಯ ಮೇಲೆ ಕುಳಿತು ಮಾತನಾಡುತ್ತಿರುವಾಗ ಆರನೆಯ ತರಗತಿಗೆ ಬಂದಿದ್ದ ಹುಡುಗಿಯೊಬ್ಬಳು ಕಂಬದ ಮರೆಯಲ್ಲಿ ನಿಂತು, “ಸರ, ನನಗ ಎಷ್ಟ ಮಾರ್ಕ್ಸ್ ಬಂದಾವ್ರಿ?” ಎಂದು ಕೇಳಿದಳು. ಗೆಳೆಯರು ಉತ್ತರಿಸದೆ ನನ್ನ ಮುಖವನ್ನು ನೋಡಿದರು.

ಆ ಹುಡುಗಿಯ ಪ್ರಶ್ನೆಯ ಹಿಂದಿನ ಕಥೆಯನ್ನು ಹೇಳಬೇಕು. ಈ ಭಾಗದಲ್ಲಿ ತೊಗರಿಯ ರಾಶಿ ಮುಗಿಯುತ್ತಲೇ ಕೂಲಿಯೂ ಮುಗಿಯುತ್ತದೆ. ಆಗ ಅನೇಕ ಕುಟುಂಬಗಳು ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಗುಳೆ ಹೊರಡುತ್ತವೆ. ಮಕ್ಕಳೂ ಜೊತೆಯಲ್ಲಿ ಹೋಗುತ್ತಾರೆ. ಪರೀಕ್ಷೆಗಳು ಬರುವುದು ಮಾರ್ಚಿಯಲ್ಲಿ. ಆ ವರ್ಷ ಐದನೆಯ ತರಗತಿಗೆ ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆಯ ಪರೀಕ್ಷೆಯುಂಟೆಂದು ತಿಳಿದ ತಂದೆ ಮಗಳನ್ನು ಅಜ್ಜಿಯ ಬಳಿ ಬಿಟ್ಟು, ಚಿಕ್ಕ ಮಗನನ್ನು ಮಾತ್ರ ಕರೆದುಕೊಂಡು ಪುಣೆಗೆ ಹೋದ. ಗಾರೆಯ ಕೆಲಸದ ಮನೆಯಲ್ಲಿ ನೀರು ಹೊರಲು, ಮಗುವನ್ನು ನೋಡಿಕೊಳ್ಳಲು ಒಂದು ಕೈ ಕಡಿಮೆಯಾಯಿತು. ಆ ನಷ್ಟಕ್ಕೆ ಪ್ರತಿಯಾಗಿ ಆತ ಬಯಸಿದ್ದು ಮಗಳ ಅಂಕಗಳನ್ನು.

ಅತ್ತ ಬೆಂಗಳೂರಿನಲ್ಲಿಯೂ ದೆಹಲಿಯಲ್ಲಿಯೂ ನಡೆದದ್ದೇ ಬೇರೆ. ಐದು ಮತ್ತು ಎಂಟನೆಯ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆಸಬೇಕೆಂದು ಸರ್ಕಾರ ಹೊರಟದ್ದು 2022-23ರಲ್ಲಿ. ಖಾಸಗಿ ಶಾಲೆಗಳ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. 2023ರ ಮಾರ್ಚ್ 10ರಂದು ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದುಪಡಿಸಿತು. 15ರಂದು ವಿಭಾಗೀಯ ಪೀಠ ಅನುಮತಿಯಿತ್ತಿತು. 27ರಂದು ಪರೀಕ್ಷೆ ಆರಂಭವಾಯಿತು. ಮರುವರ್ಷ ಒಂಬತ್ತು ಮತ್ತು ಹನ್ನೊಂದನೆಯ ತರಗತಿಗಳೂ ಸೇರಿದವು, ವ್ಯಾಜ್ಯವೂ ಬೆಳೆಯಿತು. 2024ರ ಮಾರ್ಚ್ 6ರಂದು ರದ್ದು, 7ರಂದು ಆ ರದ್ದಿಗೆ ತಡೆ, 11ರಂದು ಪರೀಕ್ಷೆಯ ಆರಂಭ, 12ರಂದು ಸುಪ್ರೀಂ ಕೋರ್ಟಿನಿಂದ ನಿಲುಗಡೆ! ಮಕ್ಕಳು ಲೇಖನಿಯನ್ನು ಕೆಳಗಿಟ್ಟು ಹತ್ತು ದಿನ ಕಾದರು. 22ರಂದು ವಿಭಾಗೀಯ ಪೀಠ ಮತ್ತೆ ಒಪ್ಪಿತು, 25ರಿಂದ ಉಳಿದ ಪತ್ರಿಕೆಗಳು ನಡೆದವು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಫಲಿತಾಂಶ ಪ್ರಕಟಿಸದಂತೆ ತಡೆಯಿತು. ವಕೀಲರಿಗೂ ಇಷ್ಟು ತಾರೀಖುಗಳನ್ನು ನೆನಪಿಡುವುದು ಕಷ್ಟ. ಹನ್ನೊಂದು ವರ್ಷದ ಬಾಲಕಿಗೆ ಇವನ್ನು ಹೇಗೆ ತಿಳಿಸಿ ಹೇಳುವುದು?

ಕಾನೂನಿನ ವಾದವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯು ಎಂಟನೆಯ ತರಗತಿ ಮುಗಿಯುವವರೆಗೆ ಮಂಡಳಿ ಪರೀಕ್ಷೆ ಕೂಡದೆಂದು ವಿಧಿಸಿತ್ತು. 2019ರ ತಿದ್ದುಪಡಿಯು ಐದು ಮತ್ತು ಎಂಟನೆಯ ತರಗತಿಗಳ ಕೊನೆಯಲ್ಲಿ ಪರೀಕ್ಷೆಗೆ ಎಡೆಗೊಟ್ಟಿತು. ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲವೆಂದು ನಮ್ಮ ಸರ್ಕಾರವೂ ಹೇಳಿತ್ತು. ಆದರೆ ‘ಬೋರ್ಡು’ ಎಂಬ ಶಬ್ದ ಹಳ್ಳಿಯನ್ನು ಮುಟ್ಟುವ ವೇಳೆಗೆ ಈ ಸೂಕ್ಷ್ಮಗಳೆಲ್ಲ ಉದುರಿಹೋಗಿರುತ್ತವೆ.

ಈ ಸೀಮೆಗೆ ಅಳತೆಗೋಲು ಹೊಸದಲ್ಲ. 2002ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಸರ್ಕಾರದೊಡನೆ ಕೂಡಿ, ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ‘ಕಲಿಕಾ ಖಾತರಿ’ ಎಂಬ ಕಾರ್ಯಕ್ರಮವನ್ನು ತೊಡಗಿಸಿತು. ಅದರಲ್ಲಿ ಬಲವಂತವಿರಲಿಲ್ಲ, ಇಷ್ಟವಿದ್ದ ಸರ್ಕಾರಿ ಪ್ರಾಥಮಿಕ ಶಾಲೆ ತಾನಾಗಿ ಮುಂದೆ ಬರಬೇಕು. ಊರಿನ ಮಕ್ಕಳೆಲ್ಲ ದಾಖಲಾಗಿರುವರೇ, ತಪ್ಪದೆ ಬರುವರೇ, ಕಲಿಯಬೇಕಾದುದನ್ನು ಕಲಿತಿರುವರೇ ಎಂಬ ಮೂರನ್ನೂ ಹೊರಗಿನವರು ಬಂದು ನೋಡುತ್ತಿದ್ದರು. ಬರಹದ ಜೊತೆಗೆ ಬಾಯಿಮಾತಿನ ಪರೀಕ್ಷೆಯೂ ಇತ್ತು. ಗೆದ್ದ ಶಾಲೆಗೆ ಬಹುಮಾನ. ಹಾಜರಿಯನ್ನೂ ಅಂಕದಷ್ಟೇ ಗಂಭೀರವಾಗಿ ಎಣಿಸಿದ ಈ ಕ್ರಮ ಗುಳೆಯ ನಾಡಿನ ಮರ್ಮವನ್ನು ಬಲ್ಲುದಾಗಿತ್ತು. ಈ ಅನುಭವದ ಬೆನ್ನಿಗೆ 2005-06ರಲ್ಲಿ ಕರ್ನಾಟಕ ಶಾಲಾ ಗುಣಮಟ್ಟ ಮೌಲ್ಯಾಂಕನ ಸಂಸ್ಥೆ ಹುಟ್ಟಿ, ರಾಜ್ಯದ ಶಾಲೆಗಳ ಕಲಿಕೆಯನ್ನು ಅಳೆಯುವ ಕೆಲಸ ವಿಸ್ತಾರಗೊಂಡಿತು.

2005ರಿಂದ ‘ಪ್ರಥಮ್’ ಸಂಸ್ಥೆಯವರು ನಡೆಸಿಕೊಂಡು ಬಂದಿರುವ ‘ಅಸರ್’ ಸಮೀಕ್ಷೆಯ ಬಗೆ ಇನ್ನೂ ಸರಳ. ಜಿಲ್ಲೆಗೆ ಮೂವತ್ತು ಹಳ್ಳಿ, ಹಳ್ಳಿಗೆ ಇಪ್ಪತ್ತು ಮನೆ. ಮಗುವಿನ ಮನೆಯಂಗಳದಲ್ಲಿಯೇ ಕುಳಿತು ಅಕ್ಷರ, ಪದ, ಒಂದನೆಯ ತರಗತಿಯ ಪಾಠ, ಎರಡನೆಯ ತರಗತಿಯ ಕಥೆ ಓದಿಸುತ್ತಾರೆ; ಎರಡಂಕಿಯ ಕಳೆಯುವ ಲೆಕ್ಕ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ ಕೊಡುತ್ತಾರೆ. ಅದರಲ್ಲಿ ಅಂಕಪಟ್ಟಿಯೇ ಇಲ್ಲ. ಶಾಲೆಗೆ ಬಾರದ ಮಗುವೂ ಲೆಕ್ಕಕ್ಕೆ ಸಿಗುತ್ತದೆ.

ನಾನು ಕನ್ನಡದ ಮೇಷ್ಟರಾದುದರಿಂದ ಪ್ರಶ್ನೆಪತ್ರಿಕೆಯ ಭಾಷೆಯ ಕಡೆಗೆ ಕಣ್ಣು ಹೋಗುವುದು ಸಹಜ. ಕಲಬುರಗಿಯ ಮಗುವಿಗೆ ಕಡಲೆಕಾಯಿ ಎಂದರೆ ಶೇಂಗಾ; ಈರುಳ್ಳಿ ಎಂದರೆ ಉಳ್ಳಾಗಡ್ಡಿ. ಲೆಕ್ಕದಲ್ಲಿ ‘ಐದು ಕಿಲೋ ಈರುಳ್ಳಿ’ ಬಂದರೆ ಅದು ಮೊದಲು ಪದವನ್ನು ದಾಟಿ ಆಮೇಲೆ ಲೆಕ್ಕಕ್ಕೆ ಕೈಹಾಕಬೇಕು. ತಾಂಡಾದ ಮಗುವಿಗಂತೂ ಮನೆಮಾತು ಲಂಬಾಣಿ. ಮಹಾರಾಷ್ಟ್ರದ ಗಡಿಗಂಟಿದ ಆಳಂದದಲ್ಲಿ ಮರಾಠಿ, ಉರ್ದು ಕಿವಿಯ ಮೇಲೆ ಬೀಳುತ್ತಲೇ ಇರುತ್ತವೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ನಾಡಿನಲ್ಲಿ ಕಚೇರಿಯೂ ಮೇಲಿನ ಓದೂ ಉರ್ದುವಿನಲ್ಲಿದ್ದವು. ಇದೇ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಗೊಂಡ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅದರ ಸುತ್ತಣ ಹಳ್ಳಿಗಳಲ್ಲಿ ಎರಡನೆಯ ತರಗತಿಯ ಕಥೆಯನ್ನು ಎಡವದೆ ಓದುವ ಮಕ್ಕಳು ಎಷ್ಟು ಮಂದಿ ಎಂದು ಅಲ್ಲಿಯ ಯಾರಾದರೂ ಸಂಶೋಧನೆಗೆ ಎತ್ತಿಕೊಂಡರೆ ನಾನು ಸಂತೋಷಪಡುವೆನು.

ಇಷ್ಟೆಲ್ಲ ಹೇಳಿ ಪರೀಕ್ಷೆಯೇ ಬೇಡವೆನ್ನಲು ನನಗೆ ಧೈರ್ಯ ಸಾಲದು. ಐದನೆಯ ತರಗತಿಯಲ್ಲಿ ಯಾರೂ ನೋಡದೆ ಬಿಟ್ಟ ಕೊರತೆ ಹತ್ತನೆಯ ತರಗತಿಯಲ್ಲಿ ಎಲ್ಲರ ಕಣ್ಣೆದುರು ಬೀಳುತ್ತದೆ. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡಕ್ಕೆ ಶೇಕಡಾ 91.12ರೊಡನೆ ಮೊದಲ ಸ್ಥಾನ. ಕಲಬುರಗಿಗೆ ಶೇಕಡಾ 42.43ರೊಡನೆ ಕೊನೆಯ ಸ್ಥಾನ. ಪತ್ರಿಕೆಗಳು ಒಂದು ವಾರ ಮರುಗಿದವು. ಆ ಮಕ್ಕಳು ಮೂರನೆಯ ತರಗತಿಯಲ್ಲಿದ್ದಾಗ ಯಾರು ಓದಿಸಿ ನೋಡಿದ್ದರು? ಅವರು ಆರನೆಯ, ಏಳನೆಯ ತರಗತಿಗಳಲ್ಲಿದ್ದ ಕಾಲ ಕೊರೋನಾದಿಂದ ಶಾಲೆಗಳ ಬಾಗಿಲು ಮುಚ್ಚಿದ್ದ ಕಾಲ.

“ಅಂಕ ನಮಗ ಬ್ಯಾಡ, ಯಾವ ಹುಡುಗ ಎಲ್ಲಿ ನಿಂತಾನ ಅನ್ನೂದು ಬೇಕು. ಅದನ್ನ ಮಾರ್ಚಿನ್ಯಾಗ ಹೇಳಿದ್ರ ಏನ ಮಾಡೂದು? ಜೂನಿನ್ಯಾಗ ಹೇಳಬೇಕು,” ಎಂದರು ಗೆಳೆಯರು. ಅವರ ತರಗತಿಯಲ್ಲಿ ಗುಳೆಯಿಂದ ಮರಳಿದ ಮಕ್ಕಳು ಏಳೆಂಟು ಮಂದಿ ಇದ್ದರು. ವರ್ಷದ ಕೊನೆಯ ಪರೀಕ್ಷೆ ನಡೆಯುವಾಗ ಅವರಾರೂ ಊರಲ್ಲಿರಲಿಲ್ಲ.

ಕಂಬದ ಬಳಿ ಹುಡುಗಿ ಇನ್ನೂ ನಿಂತೇ ಇದ್ದಳು. ಗೆಳೆಯರು ಅವಳನ್ನು ಕರೆದು, ತಂದೆಯ ಮೊಬೈಲ್ ಸಂಖ್ಯೆ ಕೇಳಿ ಪುಣೆಗೆ ಕರೆ ಮಾಡಿದರು. ಆರನೆಯ ತರಗತಿಯ ಪುಸ್ತಕವನ್ನು ಅವಳ ಕೈಗೆ ಕೊಟ್ಟು, “ಓದವ್ವಾ, ನಿಮ್ಮಪ್ಪ ಕೇಳಲಿ,” ಎಂದರು. ಮೊದಲ ಎರಡು ಸಾಲು ನಡುಗುತ್ತ ಬಂದವು. ಆಮೇಲೆ ದನಿ ತಿಳಿಯಾಯಿತು. ಒತ್ತಕ್ಷರವೊಂದರ ಬಳಿ ನಿಂತಳು, ತಾನೇ ಬಿಡಿಸಿಕೊಂಡು ಮುಂದೆ ಹೋದಳು. ಆಚೆಯಿಂದ ಕಾಂಕ್ರೀಟು ಕಲಸುವ ಯಂತ್ರದ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ದೂರವಾಯಿತು. ಆತ ಫೋನನ್ನು ಹಿಡಿದು ಯಾವುದೋ ಮೂಲೆಗೆ ಸರಿದಿದ್ದಿರಬೇಕು. ಪುಟ ಮುಗಿದಾಗ, “ಇನ್ನೊಂದ ಹಾಳಿ ಓದಸ್ರಿ ಸರ,” ಎಂಬ ಮಾತು ಬಂದಿತು.